ಒಸಗೆಯ ವಿಡಿಯೋ

ಇದನ್ನು ಓದಿ ಯಾರಿಗಾದರೂ ಚುಚ್ಚಿದರೆ ನಾನು ಕ್ಷಮೆ ಕೇಳುವುದಿಲ್ಲ... ನನಗೂ ಚುಚ್ಚಿದೆ.

ನಾನು ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಧನುಶ್ರೀ ನನ್ನ ಎಂಟನೇ ಕ್ಲಾಸಿನ ಹುಡುಗಿ.

ಬಾಯಿ ಜೋರು... ಪಾಠದ ಮಧ್ಯೆ ಹತ್ತು ಪ್ರಶ್ನೆ ಕೇಳದಿದ್ದರೆ ಅವಳಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ತಾಯಿ ಚಂದ್ರಕಲಾ. ಮಗಳ ಹಲ್ಲು ಬಿದ್ದದ್ದು, ಕಿವಿ ಚುಚ್ಚಿಸಿದ್ದು, ಜ್ವರ ಬಂದು ಮಲಗಿದ್ದು... ಎಲ್ಲವೂ ಫೋಟೋ ಸಮೇತ ಫೇಸ್‌ಬುಕ್ಕಿನಲ್ಲಿ.

ಹೋದ ಜೂನ್‌ನಲ್ಲಿ ಧನುಶ್ರೀ ದೊಡ್ಡವಳಾದಳು.

ನಮ್ಮ ಕಡೆ ಇದಕ್ಕೆ ಒಸಗೆ ಮಾಡುತ್ತಾರೆ. ಸೋದರಮಾವ ತೆಂಗಿನ ಗರಿಯ ಗುಡ್ಲು ಹಾಕುತ್ತಾನೆ. ಹುಡುಗಿಯನ್ನು ಕೂರಿಸಿ ಆರತಿ ಎತ್ತಿ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸುತ್ತಾರೆ. ಹಿಂದೆಲ್ಲ ನೆಂಟರು, ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಸೇರಿ ಮುಗಿಸುತ್ತಿದ್ದರು.

ಚಂದ್ರಕಲಾ ಹಾಡು ಹಾಕಿ ರೀಲ್ಸ್ ಮಾಡಿದಳು. "ನನ್ನ ಕಂದ ದೊಡ್ಡವಳಾದಳು" ಅಂತ ಬರೆದು, ಮಗಳ ಸ್ಕೂಲಿನ ಹೆಸರನ್ನೂ ಸೇರಿಸಿದಳು.

ನಲವತ್ತು ಸಾವಿರ ಜನ ನೋಡಿದರು. ನಾನೂ ನೋಡಿದೆ. "ಮುದ್ದು ಬಂಗಾರ" ಅಂತ ಕಾಮೆಂಟ್ ಕೂಡ ಹಾಕಿದೆ... ಹುಡುಗಿ ತಲೆ ತಗ್ಗಿಸಿ ಕೂತದ್ದನ್ನು ನಾಚಿಕೆ ಅಂದುಕೊಂಡೆ. ವಿಜ್ಞಾನದ ಟೀಚರಂತೆ ನಾನು.

ಅವಳು ಮತ್ತೆ ಶಾಲೆಗೆ ಬರುವಷ್ಟರಲ್ಲಿ ಆ ವಿಡಿಯೋ ಗಂಡು ಹುಡುಗರ ಮನೆಯ ಫೋನುಗಳಿಗೆಲ್ಲ ಹೋಗಿತ್ತು. ಅವಳು ಕ್ಲಾಸಿನ ಬಾಗಿಲಿಗೆ ಬಂದರೆ ಸಾಕು, ಯಾರೋ ಒಬ್ಬ ಆ ಹಾಡು ಗುನುಗುತ್ತಿದ್ದ.

ಇಬ್ಬರನ್ನು ಗದರಿಸಿ ಕೈ ತೊಳೆದುಕೊಂಡೆ.

ಅವಳು ಕೊನೆಯ ಬೆಂಚಿಗೆ ಹೋದಳು. ಪ್ರಶ್ನೆಗಳು ನಿಂತವು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ನಿಂತವಳು ಹಾಗೇ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು.

ಚಂದ್ರಕಲಾ ಅಳುತ್ತ ಓಡಿ ಬಂದಳು.

"ಎಷ್ಟು ದಿನದಿಂದ ಬ್ಲೀಡಿಂಗ್ ಆಗ್ತಿದೆ ಪುಟ್ಟಾ?" ಅಂತ ಡಾಕ್ಟರಮ್ಮ ಕೇಳಿದರು.

ಹುಡುಗಿ ಅಮ್ಮನ ಕಡೆ ನೋಡಿದಳು. ಮತ್ತೆ ಕೇಳಿದರು.

"ಅಮ್ಮ ಆಚೆಗೋಗ್ಲಿ... ಆಮೇಲೆ ಹೇಳ್ತೀನಿ."

ಚಂದ್ರಕಲಾ ಏನೋ ಹೇಳಲು ಹೋದಳು. ಡಾಕ್ಟರಮ್ಮ ಬಾಗಿಲು ತೋರಿಸಿದರು. ಹೆತ್ತ ತಾಯಿ ಎದ್ದು ಹೋಗಿ ಬಾಗಿಲ ಪರದೆಯ ಆಚೆ ನಿಂತಳು.

"ಹದಿನೆಂಟು ದಿನ ಆಯ್ತು. ಹೋದ ತಿಂಗಳೂ ಹಿಂಗೇ ಆಗಿತ್ತು."

"ಅಯ್ಯೋ, ಅಮ್ಮಂಗೆ ಹೇಳ್ಬಾರ್ದಾಗಿತ್ತಾ ಕೂಸೇ?" ಅಂದೆ ನಾನು.

"ಮೊದ್ಲ ಸಲ ಹೇಳಿದ್ನಲ್ಲ ಮಿಸ್... ಅಮ್ಮಂಗೆ ಮಾತ್ರ ಹೇಳಿದ್ದು."

ಪರದೆಯ ಆಚೆ ಅಳು ನಿಂತುಹೋಯಿತು. ತಾಯಿಗೂ ಕೇಳಿಸಿತ್ತು.

ಎರಡು ಬಾಟಲಿ ರಕ್ತ ಹಾಕಿದರು. ಹುಡುಗಿ ಉಳಿದುಕೊಂಡಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಚಂದ್ರಕಲಾ ಹದಿಮೂರು ವರ್ಷದ ಫೋಟೋಗಳನ್ನು ಒಂದೊಂದಾಗಿ ಅಳಿಸಿದಳು. ಆ ವಿಡಿಯೋವನ್ನೂ ಅಳಿಸಿದಳು. ಮಾರನೆಯ ವಾರ ಅದೇ ವಿಡಿಯೋ ಯಾವುದೋ ಗ್ರೂಪಿನಿಂದ ನನಗೆ ಬಂತು...

ಡಿಸ್ಚಾರ್ಜ್ ದಿನ ಚಂದ್ರಕಲಾ ಮಗಳ ಕೈ ಹಿಡಿದುಕೊಂಡಳು.

"ಎಲ್ಲಾನೂ ತೆಗ್ದಾಕ್ಬುಟ್ಟೆ ಕಣವ್ವ. ಇನ್ಯಾವತ್ತೂ ಹಾಕಲ್ಲ."

"ಹ್ಞೂಂ," ಅಂದಳು ಹುಡುಗಿ. ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಪ್ರತಿ ತಿಂಗಳೂ ದೊಡ್ಡವರೊಬ್ಬರ ಜೊತೆ ಬಂದು ತೋರಿಸಬೇಕು ಅಂತ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಧನುಶ್ರೀ ಅದನ್ನು ಮಡಚಿ ತಂದು ನನ್ನ ಕೈಗೆ ಕೊಟ್ಟಳು.

ತಾಯಿ ಪಕ್ಕದಲ್ಲೇ ನಿಂತಿದ್ದಳು.

"ಮಿಸ್... ನೀವು ಬರ್ತೀರಾ?"

*

ಮಗುವಿನ ಗುಟ್ಟನ್ನು ಊರಿಗೆ ಹಂಚಿದ ತಾಯಿಗೆ, ಆ ಮಗು ಮುಂದಿನ ನೋವನ್ನು ಹೇಳುವುದಿಲ್ಲ.

ಇವತ್ತು ನಿಮ್ಮ ಸ್ಟೇಟಸ್‌ನಲ್ಲಿರುವ ಮಗುವಿನ ಫೋಟೋ... ಆ ಮಗುವನ್ನು ಒಂದು ಮಾತು ಕೇಳಿ ಹಾಕಿದ್ದೀರಾ?