ಬೆಚ್ಚಗಿನ ನೀರು

“ನಿಮ್ ತೊಟ್ಟಿ ನೀರು ಎಷ್ಟು ಹಿತವಾಗಿದೆ ರತ್ನಕ್ಕ! ಕೈ ತೆಗೆಯಾಕೇ ಮನಸ್ಸಾಗಲ್ಲ. ಅರ್ಜೀಲಿ ಇದೇ ಕೆಲಸ ಬರೆದ್ಬಿಟ್ಟೆ. ನಾಳೆಯಿಂದ ನೂಲು ಬಿಚ್ಚೋ ಕಾರ್ಖಾನೆಗೆ, ನಿಜವಾದ ಫಿಲೇಚರ್‌ಗೇ ಹೋಗೋದು.”

ಶಿಡ್ಲಘಟ್ಟದ ಕಸುಬು ಕಲಿಸುವ ಕೇಂದ್ರದಲ್ಲಿ, ಪಿಯುಸಿ ಮುಗಿಸಿದ ಗಾನವಿ ಯಂತ್ರಕ್ಕೆ ತಂತಿಯಿಂದ ಜೋಡಿಸಿದ, ಬಿಸಿ ತಣುಪು ಮುಟ್ಟಿದಂತೆಯೇ ಅನಿಸುವ ಕೈಗವಸು ತೊಟ್ಟು, ಇಲ್ಲದ ನೀರಿನಲ್ಲಿ ಇಲ್ಲದ ಗೂಡುಗಳಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಮಾತಾಡುವ ಆ ಯಂತ್ರ ಈ ಪಾಠ ಕಟ್ಟಿದ್ದು ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ ಮುನಿರತ್ನಮ್ಮನವರ ಬಾಯಿಮಾತಿನಿಂದ. “ನೀರು ಎಷ್ಟು ಬಿಸಿ?” ಎಂದು ಅದು ಕೇಳಿದಾಗ “ಬೆಚ್ಚಗಿರ್ತದೆ” ಎಂದಿದ್ದರು. “ಗೂಡು ಬೇಯಿಸುವ ನೀರಲ್ಲವೇ? ಕೈ ಸುಡುವಷ್ಟು ಬಿಸಿ ಇರಬೇಕು. ತಿದ್ದಲೇ?” ಎಂದರೆ, “ನೂಲು ಬಿಚ್ಚಿರೋಳು ನಾನೋ ನೀನೋ?” ಎಂದು ಗದರಿಬಿಟ್ಟಿದ್ದರು. ಅವರೇನೂ ಸುಳ್ಳು ಹೇಳಿರಲಿಲ್ಲ. ಅವರ ಬೆರಳಿಗೆ ಅದು ಬೆಚ್ಚಗೇ ಇರುತ್ತಿತ್ತು.

ಈಗ ಹುಡುಗಿಯ ಎಳೆಗೈ ನೋಡುತ್ತಾ ನೋಡುತ್ತಾ, ಬೆಂದು ಬೆಂದು ಜಡ್ಡುಗಟ್ಟಿದ ತಮ್ಮ ಬೆರಳುಗಳನ್ನು ಮುನಿರತ್ನಮ್ಮ ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡರು. ಆಮೇಲೆ ಯಂತ್ರದ ಹತ್ತಿರ ಬಗ್ಗಿದರು.

“ತಪ್ಪು ನಂದು ಕಣಪ್ಪ. ನೀರು ತಿದ್ದು.”

“ಎಷ್ಟಕ್ಕೆ, ರತ್ನಮ್ಮನವರೇ?”

“ನನ್ ಬೆರಳು ಸತ್ತು ಎಷ್ಟೋ ವರ್ಷ ಆಯ್ತು, ನನ್ನೇನ್ ಕೇಳ್ತೀಯ? ಅವತ್ತು ನೀನು ಹೇಳ್ದಷ್ಟಕ್ಕೇ ಇಡು.”

“ಏನಕ್ಕ ಅದು, ಅದ್ರ ಜೊತೆ ಗುಸುಗುಸು?” ಗಾನವಿ ನಕ್ಕಳು.

“ಏನಿಲ್ಲ ಕಣಮ್ಮ. ಇನ್ನೊಂದ್ಸಲ ಕೈ ಅದ್ದು.”

ನಗುತ್ತಲೇ ಅದ್ದಿದವಳು “ಅಮ್ಮಾ!” ಎಂದು ಕಿರುಚಿ ಕೈ ಕಿತ್ತುಕೊಂಡಳು. ಮುನಿರತ್ನಮ್ಮ ಅವಳ ಕೈಗವಸು ಕಳಚಿ, ಸುಟ್ಟೇ ಇರದ ಆ ಬೆರಳುಗಳನ್ನು ಬೊಗಸೆಯಲ್ಲಿ ಹಿಡಿದು, ಉಫ್ ಉಫ್ ಎಂದು ಊದತೊಡಗಿದರು.