ಹೊರುವವರು

ಒಬ್ಬರು ಇಳಿಸಿದ ತೂಕವನ್ನು ಇನ್ನೊಬ್ಬರು ತಮ್ಮ ಮೈಯಲ್ಲಿ ಹೊರಲೇಬೇಕು. ಬಾಣಂತಿ ಮಂದಾಕಿನಿಯ ತೂಕವನ್ನು ಸಂಬಳಕ್ಕೆ ಹೊರುತ್ತಿದ್ದವಳು ಕೆಂಚಮ್ಮ. ಮೂರು ವಾರದಿಂದ ಮುಳ್ಳು ಎಪ್ಪತ್ತೊಂದರಲ್ಲೇ ನಿಂತಿದೆಯೆಂದು ಮಂದಾಕಿನಿ ತೂಕದ ಕೇಂದ್ರಕ್ಕೆ ಬಂದು ಗೊಣಗಿದಳು.

"ಕೆಂಚಮ್ಮ ತೀರ್ಕೊಂಡ್ರಲ್ಲ ಮೇಡಂ," ಎಂದಳು ನರ್ಸ್, ಸತ್ತವಳ ಕಾರ್ಡನ್ನು ಹರಿಯುತ್ತಾ. "ಬೇರೆಯವರು ಸಿಗೋವರೆಗೂ ತಾಳ್ಮೆ ಇರ್ಲಿ. ಹೊರೋರು ಇಲ್ದಾಗ ಇಳಿಸೋಕೆ ಹೋಗ್ಬೇಡಿ."

"ಮುಂದಿನ ವಾರ ತಂಗಿ ಮದ್ವೆ ಕಣ್ರೀ. ರವಿಕೆ ತೋಳೇ ಏರ್ತಿಲ್ಲ."

ನರ್ಸ್ ಹರಿದ ಕಾರ್ಡನ್ನು ಬುಟ್ಟಿಗೆ ಹಾಕಿದಳು.

ಮಂದಾಕಿನಿ ಕಾಯಲಿಲ್ಲ. ಐದು ದಿನ ಒಪ್ಪೊತ್ತು ಮಾತ್ರ ಉಂಡಳು. ಆರನೆಯ ದಿನ ಬೆಳಿಗ್ಗೆ ಮುಳ್ಳು ಅರವತ್ತೊಂಬತ್ತಕ್ಕೆ ಇಳಿದಿತ್ತು. ಅದೇ ಹಿಗ್ಗಿನಲ್ಲಿ ಕೂಸಿಗೆ ನೀರೆರೆಯಲೆಂದು ಅದರ ಬಟ್ಟೆ ಬಿಚ್ಚಿದಳು. ನಿನ್ನೆ ಬೆರಳು ತೂರುತ್ತಿದ್ದ ಉಡಿದಾರ ಕೂಸಿನ ಸೊಂಟದ ಮಾಂಸದೊಳಗೆ ಹೂತುಹೋಗಿತ್ತು.