ಹೆಚ್ಚುವರಿ ಜವಾಬ್ದಾರಿ

ಹೊಸ ಸಾಫ್ಟ್‌ವೇರ್ ಯಾರ ಮುಲಾಜೂ ನೋಡಲಿಲ್ಲ. ಒಂದೇ ಕೆಲಸಕ್ಕೆ ಹೆಂಗಸರಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದ ಗಂಡಸರ ಹೆಸರುಗಳನ್ನೆಲ್ಲ ಕೆಂಪಾಗಿ ತೋರಿಸಿತು. ವಿಶ್ವವಿದ್ಯಾಲಯದ ವೇತನ ಸಮಿತಿಯ ಅಧ್ಯಕ್ಷರಾದ ಪ್ರಾಧ್ಯಾಪಕರ ಹೆಸರೇ ಎಲ್ಲಕ್ಕಿಂತ ಮೇಲಿತ್ತು.

"ಕಾರಣ ಕೇಳ್ತಿದೆ ಸಾರ್," ಎಂದರು, ಅವರ ಜೊತೆಯಲ್ಲೇ ಕೆಲಸಕ್ಕೆ ಸೇರಿ ಈಗ ಕಂಪ್ಯೂಟರ್ ಮುಂದೆ ಕೂತಿದ್ದ ಪ್ರಾಧ್ಯಾಪಕಿ.

"ಗಂಡಸರಿಗೆ ಹೆಚ್ಚುವರಿ ಜವಾಬ್ದಾರಿ ಇದೆ ಅಂತ ಹಾಕಿ."

"ಏನು ಜವಾಬ್ದಾರಿ ಅಂತಾನೂ ಬರೀಬೇಕಂತೆ. ಪಾಠ, ಪರೀಕ್ಷೆ ಎಲ್ಲಾ ಇಬ್ಬರಿಗೂ ಒಂದೇ ಅಲ್ವಾ?"

"ಅಯ್ಯೋ, ನೀವು ಹೆಂಗಸರು ಪಾಠದ ಜೊತೆಗೆ ಅದೂ ಇದೂ ಮಾಡ್ತಿರ್ತೀರಲ್ಲ, ಅದನ್ನೇ ನಮ್ಮ ಹೆಸರಿಗೆ ಹಾಕ್ರೀ. ಯಾರು ಬಂದು ನೋಡ್ತಾರೆ?"

"ತಪಾಸಣೆಯವರು ನಾಳೆ ಬರ್ತಾರೆ ಸಾರ್. ವರದಿ ಇವತ್ತೇ ಅವರ ಕೈಸೇರುತ್ತೆ."

"ಸೇರಲಿ ಬಿಡಿ."

ಆಕೆ ಟೈಪ್ ಮಾಡಿದರು. ಅಧ್ಯಕ್ಷರು ಓದದೆಯೇ ಒಪ್ಪಿಗೆಯ ಗುಂಡಿ ಒತ್ತಿದರು. ಪರದೆಯೆಲ್ಲ ಹಸಿರಾಯಿತು.

ಮರುದಿನ ಬೆಳಿಗ್ಗೆ ತಪಾಸಣೆಯವರ ಕಾರು ಗೇಟಿನ ಹತ್ತಿರ ಬಂದಾಗ, ಯಾವಾಗಲೂ ರೇಷ್ಮೆ ಸೀರೆಯುಟ್ಟು ಸ್ವಾಗತಕ್ಕೆ ಸಾಲಾಗಿ ನಿಲ್ಲುತ್ತಿದ್ದ ಉಪನ್ಯಾಸಕಿಯರು ವರಾಂಡದ ಕುರ್ಚಿಗಳಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅಧ್ಯಕ್ಷರು ಏದುಸಿರು ಬಿಡುತ್ತ ಓಡಿಬಂದರು.

"ಗೇಟಲ್ಲಿ ನೀವ್ಯಾರೂ ಇಲ್ವಲ್ರೀ! ಆರತಿ ಎತ್ತೋರು ಯಾರು?"

ಪ್ರಾಧ್ಯಾಪಕಿ ಎದ್ದು, ದೀಪ ಹಚ್ಚಿಟ್ಟಿದ್ದ ತಟ್ಟೆಯನ್ನು ಅವರ ಕೈಗಿತ್ತರು.

"ವರದಿ ಓದ್ಕೊಂಡೇ ಬಂದಿದ್ದಾರಂತೆ. ಬೇಗ ಹೋಗಿ ಸಾರ್, ಡೀನ್ ಸಾಹೇಬ್ರು ಆಗ್ಲೇ ರಂಗೋಲಿ ಹಾಕ್ತಾ ಕೂತಿದ್ದಾರೆ."